'ಮನ್ಯಾಗ ಕುಂತಿದ್ದೆ ಸರ್': ನೌಕರಿಯ ನಡುವಿನ ಗ್ಯಾಪ್ ಬಗ್ಗೆ ಕೇಳಿದರೆ ಏನು ಹೇಳಬೇಕು?

ಕಳೆದ ವರ್ಷ ನಮ್ಮ ಫ್ಯಾಕ್ಟರಿಗೆ ಒಬ್ಬ ಅಕೌಂಟ್ಸ್ ಅಸಿಸ್ಟೆಂಟ್ ಬೇಕಾಗಿತ್ತು. ಗದಗ ಕಡೆಯಿಂದ ಒಬ್ಬ ಹುಡುಗ ಇಂಟರ್‌ವ್ಯೂಗೆ ಬಂದ. ಬಿ.ಕಾಂ. ಆಗಿತ್ತು, ಒಂದು ಕಡೆ ಎರಡು ವರ್ಷ ದುಡಿದಿದ್ದ. ಆಮೇಲೆ ಹತ್ತೊಂಬತ್ತು ತಿಂಗಳು ಬಯೋಡೇಟಾದಲ್ಲಿ ಏನೂ ಇರಲಿಲ್ಲ. "ಈ ಹತ್ತೊಂಬತ್ತು ತಿಂಗಳು ಏನ್ ಮಾಡಿದ್ರಿ?" ಅಂತ ಕೇಳಿದೆ. ಹುಡುಗ ತಲೆ ತಗ್ಗಿಸಿ, "ಏನಿಲ್ರಿ ಸರ್, ಮನ್ಯಾಗ ಕುಂತಿದ್ದೆ" ಅಂದ.

ನಾನು ಮುಂದಿನ ಬಯೋಡೇಟಾ ಕೈಗೆತ್ತಿಕೊಂಡಿದ್ದೆ. ಪಕ್ಕದಲ್ಲಿದ್ದ ಸ್ಟೋರ್ಸ್ ಮ್ಯಾನೇಜರ್ ಸುಮ್ನೆ ಒಂದು ಮಾತು ಕೇಳಿದರು: "ಜಿಎಸ್‌ಟಿ ರಿಟರ್ನ್ ಹಾಕಾಕ ಬರ್ತದೇನು?" ಹುಡುಗನ ಮುಖ ಮೇಲೆದ್ದಿತು. "ಬರ್ತದ್ರಿ. ನಮ್ಮಪ್ಪನ ಅಂಗಡೀದು ನಾನೇ ಹಾಕ್ತೀನಿ." ಕೆದಕುತ್ತಾ ಹೋದಂತೆ ಒಂದೊಂದೇ ಹೊರಗೆ ಬಂತು. ಅಪ್ಪನಿಗೆ ಬೆನ್ನಿನ ಆಪರೇಷನ್ ಆಗಿತ್ತು. ಬಟ್ಟೆ ಅಂಗಡಿಯನ್ನು ಪೂರ್ತಿ ಇವನೇ ನೋಡಿಕೊಂಡಿದ್ದ. ಖರೀದಿ, ಉದ್ರಿ ವಸೂಲಿ, ಟ್ಯಾಲಿಯಲ್ಲಿ ಲೆಕ್ಕ, ತಿಂಗಳ ರಿಟರ್ನ್, ಎಲ್ಲವೂ. ನಮಗೆ ಬೇಕಾಗಿದ್ದ ಕೆಲಸವೇ ಅದು! ಇಷ್ಟು ಮಾಡಿದವನು ತನ್ನ ಲೆಕ್ಕದಲ್ಲಿ ಮನ್ಯಾಗ ಕುಂತಿದ್ದ.

ತಪ್ಪು ಅವನದಷ್ಟೇ ಅಲ್ಲ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ, ಎಲ್ಲಿಗೆ ಹೋದರೂ ತಿಂಗಳ ಪಗಾರ ಇಲ್ಲದವನಿಗೆ ನಾವು ಬಳಸುವುದು ಅದೊಂದೇ ಮಾತು. "ಏನ್ ಮಾಡಾಕತ್ತಾನ್ರಿ ನಿಮ್ ಮಗ?" "ಏನಿಲ್ರಿ, ಮನ್ಯಾಗ ಕುಂತಾನ." ಹೊಲ ನೋಡಿಕೊಂಡರೂ ಅಷ್ಟೇ, ಹಾಸಿಗೆ ಹಿಡಿದವರ ಸೇವೆ ಮಾಡಿದರೂ ಅಷ್ಟೇ. ಆದರೆ ಇದೇ ನಮ್ಮ ಮಾತಿನಲ್ಲಿ ನೌಕರಿ ಬೇರೆ, ಕೆಲಸ ಬೇರೆ ಅಲ್ವಾ? ಗ್ಯಾಪ್ ಬಿದ್ದಿರುವುದು ನೌಕರಿಯಲ್ಲಿ. ಕೆಲಸದಲ್ಲೂ ಬಿದ್ದಿದೆಯೇ ಅನ್ನೋದು ಎದುರಿಗೆ ಕೂತವರಿಗೆ ಗೊತ್ತಿಲ್ಲ, ಅದಕ್ಕೇ ಕೇಳುತ್ತಾರೆ. ಆಗ ಕುಂತಿದ್ದೆ ಅಂದರೆ ಎರಡರಲ್ಲೂ ಬಿದ್ದಿದೆ ಅಂತ ನೀವೇ ಬರೆದುಕೊಟ್ಟ ಹಾಗೆ. ಕೆಲವರು ಇದನ್ನು ಇಂಗ್ಲಿಷಿಗೂ ಹಾಗೇ ದಾಟಿಸುತ್ತಾರೆ: "ಐ ವಾಸ್ ಸಿಟ್ಟಿಂಗ್ ಅಟ್ ಹೋಮ್ ಸರ್." ಕೇಳಿದಾಗ ನಗು ಬರುತ್ತದೆ, ಆಮೇಲೆ ಬೇಜಾರಾಗುತ್ತದೆ.

ನಾನು ಹುಬ್ಬಳ್ಳಿಯ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಇಂಟರ್‌ವ್ಯೂ ಮಾಡುವ ಕುರ್ಚಿಯಲ್ಲಿ ಕೂತು ಐದಾರು ವರ್ಷ ಆಯಿತು. ಅದಕ್ಕೂ ಮೊದಲು ಎದುರಿನ ಕುರ್ಚಿಯಲ್ಲಿ, ಹದಿನಾಲ್ಕು ತಿಂಗಳ ಗ್ಯಾಪ್ ಹಿಡಿದುಕೊಂಡು ಕೂತವನೂ ಹೌದು. ಹಾಗಾಗಿ ಎರಡೂ ಕಡೆಯದನ್ನು ಹೇಳಬಲ್ಲೆ.

ಮೊದಲು ಕೇಳುವವರ ತಲೆಯಲ್ಲಿ ಏನು ಓಡುತ್ತಿರುತ್ತದೆ ಅನ್ನೋದನ್ನು ನೋಡೋಣ. ಗ್ಯಾಪ್ ಬಗ್ಗೆ ಕೇಳುವಾಗ ನನಗೆ ನಿಮ್ಮ ಕಷ್ಟದ ಕಥೆ ಬೇಕಾಗಿರುವುದಿಲ್ಲ. ಒರಟಾಗಿ ಕೇಳಿಸಬಹುದು, ಆದರೆ ನಿಜ. ನನಗಿರುವುದು ಮೂರು ಅನುಮಾನ. ಆ ಕಾರಣ ಈಗ ಮುಗಿದಿದೆಯೇ, ಇಲ್ಲ ಸೇರಿದ ಎರಡೇ ತಿಂಗಳಿಗೆ ಮತ್ತೆ ಬಿಟ್ಟು ಹೋಗುತ್ತಾರೆಯೇ? ಕೈಗೆ ತುಕ್ಕು ಹಿಡಿದಿದೆಯೇ? ಬಾಯಲ್ಲಿ ಹೇಳುವುದಕ್ಕೂ ಕಾಗದದಲ್ಲಿ ಇರುವುದಕ್ಕೂ ತಾಳೆ ಆಗುತ್ತದೆಯೇ? ಈ ಮೂರಕ್ಕೆ ಉತ್ತರ ಸಿಕ್ಕರೆ ನಾನು ಮುಂದಿನ ಪ್ರಶ್ನೆಗೆ ಹೋಗುತ್ತೇನೆ. ಸಿಗದಿದ್ದರೆ ಮೂರು ತಿಂಗಳ ಗ್ಯಾಪ್ ಕೂಡ ದೊಡ್ಡದಾಗಿಯೇ ಕಾಣುತ್ತದೆ.

ನಾನು ಹೇಗೆ ಕೆಟ್ಟೆ ಅನ್ನೋದನ್ನೂ ಹೇಳಿಬಿಡುತ್ತೇನೆ. 2018ರ ಮಾರ್ಚ್‌ನಲ್ಲಿ ಬೆಂಗಳೂರಿನ ನೌಕರಿ ಬಿಟ್ಟು ಹುಬ್ಬಳ್ಳಿ ನವನಗರದ ಮನೆಗೆ ವಾಪಸ್ ಬಂದೆ. ಅಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಒಂದೊಂದು ಸಲಕ್ಕೂ ನಾಲ್ಕು ತಾಸು, ಹೋಗಿಬರುವುದು ಬೇರೆ. ಒಂದು ವರ್ಷ ಕಳೆದ ಮೇಲೆ ಬೆಂಗಳೂರಿನ ಒಂದು ಕಂಪನಿಯಿಂದ ಕರೆ ಬಂತು. ರಾತ್ರಿ ರೈಲಿಗೆ ಹೋದೆ. ಗ್ಯಾಪ್ ಬಗ್ಗೆ ಕೇಳಿದರು. ಕ್ರಿಯಾಟಿನಿನ್ ಎಷ್ಟಿತ್ತು ಅನ್ನೋದರಿಂದ ಶುರು ಮಾಡಿದೆ. ಡಯಾಲಿಸಿಸ್‌ಗಾಗಿ ಕೈಗೆ ಮಾಡುವ ಫಿಸ್ಟುಲಾ ಆಪರೇಷನ್, ತಮ್ಮನ ಜೊತೆ ಆದ ಜಗಳ, ಆಸ್ಪತ್ರೆ ಬಿಲ್ಲು, ಎಲ್ಲ ಹೇಳಿದೆ. ನಡುವೆ ಗಂಟಲು ಕಟ್ಟಿತು. ಎದುರಿಗಿದ್ದ ಮೇಡಂ ನೀರಿನ ಬಾಟಲಿ ನನ್ನ ಕಡೆ ಸರಿಸಿದರು. ಒಳ್ಳೆಯವರೇ. ಆದರೆ ನಾನು ಅಷ್ಟು ಹೊತ್ತು ಮಾತಾಡಿದ್ದರಲ್ಲಿ ಅಕೌಂಟ್ಸ್ ಅನ್ನುವ ಶಬ್ದ ಒಮ್ಮೆಯೂ ಬಂದಿರಲಿಲ್ಲ. ಅಪ್ಪನನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ ಅನ್ನೋದನ್ನೂ ಹೇಳಿರಲಿಲ್ಲ. ನೌಕರಿ ಸಿಗಲಿಲ್ಲ. ಆಗ ಬಹಳ ಸಿಟ್ಟು ಬಂದಿತ್ತು. ಈಗ ಆ ಮೇಡಂ ಜಾಗದಲ್ಲಿ ಕೂತು ಯೋಚಿಸಿದರೆ, ನಾನಾದರೂ ನನ್ನನ್ನು ತೆಗೆದುಕೊಳ್ಳುತ್ತಿರಲಿಲ್ಲ.

ತಮಾಷೆ ಅಂದರೆ ಹೇಳಬೇಕಾದ ವಿಷಯ ನನ್ನ ಹತ್ತಿರ ಇತ್ತು. ನಾನು ನೌಕರಿ ಬಿಟ್ಟು ಬಂದ ಮರುದಿನವೇ, ಅಂದರೆ 2018ರ ಏಪ್ರಿಲ್ 1ಕ್ಕೆ, ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಆನ್‌ಲೈನಿನಲ್ಲಿ ತೆಗೆಯುವ ಜಿಎಸ್‌ಟಿ ಪತ್ರ, ಕಡ್ಡಾಯವಾಯಿತು. ಐವತ್ತು ಸಾವಿರ ರೂಪಾಯಿ ಮೀರಿದ ಸರಕು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಅದು ಬೇಕು. ಕರ್ನಾಟಕದಲ್ಲಂತೂ ರಾಜ್ಯದ ಒಳಗಿನ ಸಾಗಣೆಗೂ ಅವತ್ತಿನಿಂದಲೇ ಶುರುವಾಯಿತು. ಪರಿಚಯದ ಹಾರ್ಡ್‌ವೇರ್ ಅಂಗಡಿಯವರು ಇದನ್ನು ನೋಡಿ ಗಾಬರಿಯಾಗಿದ್ದರು. ಡಯಾಲಿಸಿಸ್ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವರ ಬಿಲ್ಲುಗಳನ್ನು ನಾನೇ ಮಾಡಿಕೊಡುತ್ತಿದ್ದೆ. ತಿಂಗಳಿಗೆ ಒಂದಿಷ್ಟು ಕೊಡುತ್ತಿದ್ದರು. ಇದನ್ನು ಕೆಲಸ ಅಂತ ಹೇಳಿಕೊಳ್ಳಲು ನನಗೆ ತಲೆಯೇ ಓಡಿರಲಿಲ್ಲ.

ಮುಂದಿನ ಇಂಟರ್‌ವ್ಯೂ ಹುಬ್ಬಳ್ಳಿಯಲ್ಲೇ ಇತ್ತು. ಈ ಸಲ ಹೇಳಿದ್ದು ಇಷ್ಟೇ: "2018ರ ಏಪ್ರಿಲ್‌ನಿಂದ ತಂದೆಯವರ ಚಿಕಿತ್ಸೆಗಾಗಿ ಊರಲ್ಲಿದ್ದೇನೆ. ಈಗ ನನ್ನ ತಮ್ಮ ಹುಬ್ಬಳ್ಳಿಗೆ ವರ್ಗ ಮಾಡಿಸಿಕೊಂಡು ಬಂದಿದ್ದಾನೆ, ಆಸ್ಪತ್ರೆಗೆ ಅವನೇ ಕರೆದುಕೊಂಡು ಹೋಗುತ್ತಾನೆ. ಈ ವೇಳೆಯಲ್ಲಿ ಒಂದು ಅಂಗಡಿಯ ಜಿಎಸ್‌ಟಿ ರಿಟರ್ನ್, ಇ-ವೇ ಬಿಲ್ ಎಲ್ಲ ನಾನೇ ಮಾಡಿದ್ದೇನೆ." ಏನಾಗಿತ್ತು, ಅದು ಈಗ ಎಲ್ಲಿಗೆ ಬಂದಿದೆ, ಕೈ ಹೇಗೆ ಚಾಲ್ತಿಯಲ್ಲಿದೆ. ಅರ್ಧ ನಿಮಿಷವೂ ಆಗಲಿಲ್ಲ. ಎದುರಿಗಿದ್ದವರು, "ಇ-ವೇ ಬಿಲ್ ಕ್ಯಾನ್ಸಲ್ ಮಾಡೂದು ಗೊತ್ತೇನ್ರಿ?" ಅಂತ ಕೇಳಿದರು. ಇಪ್ಪತ್ತನಾಲ್ಕು ತಾಸಿನ ಒಳಗೆ ಮಾಡಬೇಕು ಅಂದೆ. ಮಾತು ಅಲ್ಲಿಂದ ಕೆಲಸದ ಮೇಲೇ ನಡೆಯಿತು. ಗ್ಯಾಪ್ ಯಾರಿಗೂ ಮತ್ತೆ ನೆನಪಾಗಲಿಲ್ಲ.

ಎಲ್ಲರ ಹತ್ತಿರವೂ ಹೀಗೆ ಒಂದು ಇ-ವೇ ಬಿಲ್ ಇರುವುದಿಲ್ಲ, ಒಪ್ಪುತ್ತೇನೆ. ಏನೂ ಮಾಡಿಲ್ಲ ಅಂದರೆ ಏನೂ ಕಟ್ಟಿ ಹೇಳಬೇಡಿ. ಆದರೆ ಇಂಟರ್‌ವ್ಯೂಗೆ ಇನ್ನೂ ಒಂದು ತಿಂಗಳಿದ್ದರೆ ಆ ತಿಂಗಳನ್ನಾದರೂ ಬಳಸಿಕೊಳ್ಳಿ. ನಿಮ್ಮ ಕ್ಷೇತ್ರದಲ್ಲಿ ಈ ನಡುವೆ ಏನು ಬದಲಾಗಿದೆ ಅಂತ ತಿಳಿದುಕೊಂಡು, ಅದರಲ್ಲಿ ಒಂದನ್ನು ಕೈಯಾರೆ ಮಾಡಿ ನೋಡಿ. ಸರ್ಟಿಫಿಕೇಟ್ ಕೋರ್ಸುಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. "ಕೋರ್ಸ್ ಮಾಡಿದೆ" ಅಂದವರಿಗೆ ಕೋರ್ಸಿನಲ್ಲಿ ಏನು ಮಾಡಿದಿರಿ ಅಂತ ಕೇಳಿದರೆ ಬಹಳ ಜನ ಸುಮ್ಮನಾಗುತ್ತಾರೆ.

ಇನ್ನು ನಮ್ಮ ಭಾಗದ್ದೇ ಆದ ಒಂದು ಗ್ಯಾಪ್ ಇದೆ. ಧಾರವಾಡದ ಸಪ್ತಾಪುರದಲ್ಲಿ ಬೆಳಿಗ್ಗೆ ಒಂದು ಸುತ್ತು ಹಾಕಿ, ಗೊತ್ತಾಗುತ್ತದೆ. ಕೋಚಿಂಗ್ ಸೆಂಟರು, ರೀಡಿಂಗ್ ರೂಮು, ಪಿಜಿ, ಖಾನಾವಳಿ. ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆ ಕಡೆಯಿಂದ ಬಂದ ಹುಡುಗ ಹುಡುಗಿಯರು ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಎರಡು, ಮೂರು, ನಾಲ್ಕು ವರ್ಷ ಓದುತ್ತಾರೆ. ಕೊನೆಗೆ ವಯಸ್ಸೋ ದುಡ್ಡೋ ತೀರಿದ ಮೇಲೆ ಖಾಸಗಿ ನೌಕರಿಗೆ ಬರುತ್ತಾರೆ. ಬಂದು, "ಎಕ್ಸಾಮ್‌ಗೆ ಓದ್ತಿದ್ದೆ ಸರ್, ಆಗಲಿಲ್ಲ" ಅಂತ ಸೋತ ದನಿಯಲ್ಲಿ ಹೇಳುತ್ತಾರೆ.

ಆ ವರ್ಷಗಳು ಅವರ ಕೈಯಲ್ಲೇ ಇರಲಿಲ್ಲ ಅನ್ನೋದನ್ನು ನಾವು ಮರೆಯುತ್ತೇವೆ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್‌ನಲ್ಲಿ. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ರದ್ದು ಮಾಡಿತು. ವಿಷಯ ಹೈಕೋರ್ಟಿಗೆ ಹೋಗಿ, ಮರುಪರೀಕ್ಷೆ ನಡೆಯುವ ಹೊತ್ತಿಗೆ 2024ರ ಜನವರಿ. ಪ್ರಾಮಾಣಿಕವಾಗಿ ಬರೆದವರಿಗೂ ಎರಡು ವರ್ಷ ಮೂರು ತಿಂಗಳು ಹೋಯಿತು. 384 ಹುದ್ದೆಗಳ ಕೆಎಎಸ್ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್‌ನಲ್ಲಿ ನಡೆಯಿತು. ಕನ್ನಡ ಅನುವಾದದಲ್ಲಿ ತಪ್ಪುಗಳಿದ್ದವು ಅಂತ ಅದೇ ಡಿಸೆಂಬರ್‌ನಲ್ಲಿ ಮತ್ತೆ ಬರೆಸಿದರು. ಇದನ್ನೆಲ್ಲ ಇಂಟರ್‌ವ್ಯೂನಲ್ಲಿ ವಾದದಂತೆ ಮಂಡಿಸಬೇಡಿ. ಆದರೆ ಇಸವಿ ಸಮೇತ ಒಂದು ವಾಕ್ಯ ಹೇಳಿದರೆ, ಮೂರು ವರ್ಷ ಯಾಕಾಯಿತು ಅನ್ನೋದು ಕೇಳುವವರಿಗೆ ತಾನಾಗಿಯೇ ಅರ್ಥವಾಗುತ್ತದೆ. ಪೇಪರ್ ಅವರೂ ಓದಿರುತ್ತಾರೆ.

ಇವರ ವಿಷಯದಲ್ಲಿ ನಿಜವಾದ ಕಂಟಕ ಬೇರೆ. ಕೇಳುವವರಿಗೆ ಕಾಡುವುದು ಕಳೆದ ಮೂರು ವರ್ಷ ಅಲ್ಲ, ಮುಂದಿನ ಆರು ತಿಂಗಳು. "ನಾಳೆ ನೋಟಿಫಿಕೇಶನ್ ಬಂದ್ರ ಬಿಟ್ಟು ಹೋಗ್ತಿಯೇನಪಾ?" ಈ ಪ್ರಶ್ನೆಗೆ "ಇಲ್ಲವೇ ಇಲ್ಲ ಸರ್" ಅಂತ ಥಟ್ಟನೆ ಹೇಳಿದರೆ ಯಾರೂ ನಂಬುವುದಿಲ್ಲ. ಬಿಟ್ಟಿದ್ದೀರಿ ಅಂದರೆ ಯಾವಾಗಿಂದ, ಯಾಕೆ ಅಂತ ಹೇಳಿ: "ಕಳೆದ ಪ್ರಯತ್ನಕ್ಕೇ ಕೊನೆ ಅಂತ ಮನೆಯಲ್ಲಿ ಮಾತಾಗಿತ್ತು. ರೂಮ್ ಖಾಲಿ ಮಾಡಿ ಎರಡು ತಿಂಗಳಾಯಿತು." ರೂಮ್ ಖಾಲಿ ಮಾಡಿದ್ದೇನೆ ಅನ್ನುವ ಒಂದು ಮಾತು ಹತ್ತು ಆಣೆಗಿಂತ ಜಾಸ್ತಿ ತೂಗುತ್ತದೆ. ಇನ್ನೂ ಬರೆಯುವ ಆಸೆ ಇದೆ ಅಂದರೆ ಅದನ್ನೂ ಹೇಳಬಹುದು. "ಒಂದು ಪರೀಕ್ಷೆಯ ಫಲಿತಾಂಶ ಬಾಕಿ ಇದೆ, ಹೊಸದಾಗಿ ತಯಾರಿ ಮಾಡುತ್ತಿಲ್ಲ" ಅಂದ ಒಬ್ಬ ಹುಡುಗಿಯನ್ನು ನಾವು ತೆಗೆದುಕೊಂಡೆವು. ಮುಚ್ಚಿಟ್ಟು ಸೇರಿ, ಮೂರನೇ ತಿಂಗಳಿಗೆ ಪರೀಕ್ಷೆಗೆ ಅಂತ ಹದಿನೈದು ದಿನ ರಜೆ ಕೇಳಿದವರನ್ನೂ ನೋಡಿದ್ದೇನೆ. ಅಂಥವರಿಂದ ಮುಂದೆ ಬರುವವರಿಗೆ ಬಾಗಿಲು ಮುಚ್ಚುತ್ತದೆ.

ಈಗ ಕಾಗದದ ವಿಷಯ. ಜನ ಜಾಸ್ತಿ ಎಡವುವುದು ಇಲ್ಲಿ. ಗ್ಯಾಪ್ ಮುಚ್ಚಲು ಹಳೆಯ ನೌಕರಿಯ ಕೊನೆಯ ತಾರೀಕನ್ನು ನಾಲ್ಕು ತಿಂಗಳು ಮುಂದಕ್ಕೆ ಎಳೆಯುವುದು ಹಳೇ ಚಾಳಿ. ಮೊದಲು ನಡೆಯುತ್ತಿತ್ತು, ಈಗ ಕಷ್ಟ. ಪಿಎಫ್ ಇರುವ ನೌಕರಿ ಮಾಡಿದವರಿಗೆಲ್ಲ ಯುಎಎನ್ ಅನ್ನುವ ಹನ್ನೆರಡು ಅಂಕಿಯ ಒಂದೇ ನಂಬರ್ ಇರುತ್ತದೆ. ಎಷ್ಟು ಕಂಪನಿ ಬದಲಿಸಿದರೂ ಅದೇ ನಂಬರ್. ಯಾವ ಕಂಪನಿಗೆ ಯಾವತ್ತು ಸೇರಿದಿರಿ, ಯಾವತ್ತು ಬಿಟ್ಟಿರಿ ಅನ್ನೋದು ಅದರ ಸರ್ವಿಸ್ ಹಿಸ್ಟರಿಯಲ್ಲಿ ಸಾಲಾಗಿ ಕಾಣುತ್ತದೆ. ಯಾವ ತಿಂಗಳು ದುಡ್ಡು ಬಿದ್ದಿದೆ ಅನ್ನೋದು ಪಿಎಫ್ ಪಾಸ್‌ಬುಕ್‌ನಲ್ಲಿ ಇರುತ್ತದೆ. ಸಂಬಳದಲ್ಲಿ ಟಿಡಿಎಸ್, ಅಂದರೆ ಮೊದಲೇ ತೆರಿಗೆ, ಕಡಿದಿದ್ದರೆ ಆದಾಯ ತೆರಿಗೆ ಇಲಾಖೆಯ ದಾಖಲೆಯಲ್ಲಿ ಕಂಪನಿಯ ಹೆಸರೂ ಬರುತ್ತದೆ. ದೊಡ್ಡ ಕಂಪನಿಗಳು ಆಫರ್ ಕೊಡುವ ಮೊದಲೋ ಆಮೇಲೋ ಬ್ಯಾಕ್‌ಗ್ರೌಂಡ್ ಚೆಕ್ ಮಾಡಿಸುವಾಗ ಇವುಗಳನ್ನು ಕೇಳುತ್ತವೆ. ನಾಲ್ಕು ತಿಂಗಳ ಗ್ಯಾಪ್‌ಗೆ ಯಾರೂ ಬೇಡ ಅನ್ನುತ್ತಿರಲಿಲ್ಲ. ನಾಲ್ಕು ತಿಂಗಳ ಸುಳ್ಳಿಗೆ ಕೈಗೆ ಬಂದ ಆಫರ್ ವಾಪಸ್ ಹೋಗುತ್ತದೆ. ಸೇರಿದ ಮೇಲೆ ಸಿಕ್ಕಿಬಿದ್ದರೆ ಇನ್ನೂ ಕಷ್ಟ, ಆಗ ಹೊಸ ಗ್ಯಾಪ್ ಜೊತೆಗೆ ಕೆಟ್ಟ ಹೆಸರೂ ಸೇರಿಕೊಳ್ಳುತ್ತದೆ. ದುಡ್ಡು ಕೊಟ್ಟರೆ ಎಕ್ಸ್‌ಪೀರಿಯನ್ಸ್ ಲೆಟರ್ ಮಾಡಿಕೊಡುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ.

ಇದರ ಉಲ್ಟಾ ಸಮಸ್ಯೆಯೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಹಳೆಯ ಕಂಪನಿಯವರು ನೀವು ಬಿಟ್ಟ ತಾರೀಕನ್ನು ಪಿಎಫ್‌ನಲ್ಲಿ ನಮೂದಿಸಿರುವುದೇ ಇಲ್ಲ. ದಾಖಲೆಯ ಪ್ರಕಾರ ನೀವಿನ್ನೂ ಅಲ್ಲೇ ಇದ್ದೀರಿ! ನೀವು ಗ್ಯಾಪ್ ಇತ್ತು ಅಂತ ನಿಜ ಹೇಳಿದರೂ ಕಾಗದ ಬೇರೆಯದನ್ನೇ ಹೇಳುತ್ತದೆ. 2020ರಿಂದ ಇದನ್ನು ನಾವೇ ಸರಿ ಮಾಡಿಕೊಳ್ಳಬಹುದು. ಕೊನೆಯ ಪಿಎಫ್ ಬಿದ್ದು ಎರಡು ತಿಂಗಳಾದ ಮೇಲೆ, ಯುಎಎನ್ ಪೋರ್ಟಲ್‌ನಲ್ಲಿ ಮಾರ್ಕ್ ಎಕ್ಸಿಟ್ ಅನ್ನುವಲ್ಲಿ ಹೋಗಿ ಆಧಾರ್ ಒಟಿಪಿ ಕೊಟ್ಟರೆ ಆಯಿತು. ಇಂಟರ್‌ವ್ಯೂಗೆ ಹೋಗುವ ಮೊದಲು ಇದೊಂದು ನೋಡಿಕೊಳ್ಳಿ.

ನಮ್ಮ ಊರುಗಳಲ್ಲಿ ಮತ್ತೊಂದು ಆಗುತ್ತದೆ. ಪಿಎಫ್ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸುವುದು ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ. ಆರು ಜನರ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ, ನಾಲ್ಕು ಜನರ ಆಡಿಟರ್ ಆಫೀಸಿನಲ್ಲಿ ಎರಡು ವರ್ಷ ದುಡಿದಿದ್ದರೂ ಪಿಎಫ್ ದಾಖಲೆಯಲ್ಲಿ ಅದು ಖಾಲಿ ಜಾಗ. ಆಗ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಪಗಾರ ಬಿದ್ದ ಸಾಲುಗಳು, ಮಾಲೀಕರ ಲೆಟರ್‌ಹೆಡ್ ಮೇಲೆ ಒಂದು ಪತ್ರ ಇದ್ದರೆ ಸಾಕು. ಕೈಯಲ್ಲೇ ಪಗಾರ ಕೊಡುತ್ತಿದ್ದರು ಅಂದರೆ ಆ ಪತ್ರವನ್ನು ಬಿಡುವ ದಿನವೇ ಕೇಳಿ ತಗೊಳ್ಳಿ. ಎರಡು ವರ್ಷ ಬಿಟ್ಟು ಹೋದರೆ, "ನಾಳೆ ಬಾರಪಾ" ಅಂತಾರೆ. ಕೆಲವು ಕಡೆ ಗ್ಯಾಪ್ ಸರ್ಟಿಫಿಕೇಟ್ ಅಂತ ಒಂದನ್ನು ಕೇಳುತ್ತಾರೆ. ಹೆದರಬೇಡಿ, ಈ ತಿಂಗಳಿಂದ ಈ ತಿಂಗಳವರೆಗೆ ಈ ಕಾರಣಕ್ಕೆ ನೌಕರಿಯಲ್ಲಿ ಇರಲಿಲ್ಲ ಅಂತ ಸ್ಟಾಂಪ್ ಪೇಪರ್ ಮೇಲೆ ನೋಟರಿ ಮಾಡಿಸುವ ಅಫಿಡವಿಟ್ ಅಷ್ಟೇ.

ಹೆಣ್ಣುಮಕ್ಕಳಿಗೆ ಒಂದು ಮಾತು. ಹೆರಿಗೆ ರಜೆಯನ್ನು ಗ್ಯಾಪ್ ಅಂತ ಬರೆಯಬೇಡಿ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ ಪಗಾರದ ರಜೆ ಇದೆ. ಆ ರಜೆಯಲ್ಲಿದ್ದಾಗ ನೀವು ನೌಕರಿಯಲ್ಲೇ ಇದ್ದಿರಿ. ರಜೆ ಮುಗಿಸಿ ರಾಜೀನಾಮೆ ಕೊಟ್ಟಿದ್ದರೆ ಗ್ಯಾಪ್ ಶುರುವಾಗುವುದು ರಾಜೀನಾಮೆಯಿಂದ. ಎಷ್ಟೋ ಜನ ತಾವೇ ಆರು ತಿಂಗಳು ಕೂಡಿಸಿ ದೊಡ್ಡದು ಮಾಡಿಕೊಂಡಿರುತ್ತಾರೆ. ಮಗುವಿಗಾಗಿ ಎರಡು ಮೂರು ವರ್ಷ ಬಿಟ್ಟಿದ್ದರೆ, "ಮಗಳು ಈಗ ಶಾಲೆಗೆ ಹೋಗುತ್ತಾಳೆ, ಅತ್ತೆಯವರು ಜೊತೆಗಿದ್ದಾರೆ" ಅನ್ನುವಷ್ಟು ಸಾಕು. ಎರಡನೇ ಮಗುವಿನ ಪ್ಲಾನ್ ಏನು ಅಂತ ಕೇಳುವವರು ಇನ್ನೂ ಇದ್ದಾರೆ. ಅದಕ್ಕೆ ಉತ್ತರ ಕೊಡಬೇಕಾದ ಸಾಲ ನಿಮ್ಮ ಮೇಲೆ ಏನೂ ಇಲ್ಲ. "ಕೆಲಸದ ವೇಳೆಗೆ ತೊಂದರೆ ಆಗದ ಹಾಗೆ ವ್ಯವಸ್ಥೆ ಮಾಡಿಕೊಂಡಿದ್ದೇನೆ" ಅಂತ ನಗುತ್ತಲೇ ಮಾತು ಮುಗಿಸಬಹುದು. ಪ್ಲಾನ್ ಕೇಳುವ ಜಾಗದಲ್ಲಿ ಕೆಲಸ ಹೇಗಿರುತ್ತದೆ ಅನ್ನೋದರ ಸುಳಿವೂ ನಿಮಗೆ ಸಿಕ್ಕಿತಲ್ಲ.

ನಿಮ್ಮದೇ ಆರೋಗ್ಯದ ಕಾರಣವಾಗಿದ್ದರೂ ಹಾಗೆಯೇ. ಆರೋಗ್ಯ ಸರಿ ಇರಲಿಲ್ಲ, ಈಗ ಚೆನ್ನಾಗಿದ್ದೇನೆ, ಪೂರ್ತಿ ದಿನ ಕೆಲಸ ಮಾಡಬಲ್ಲೆ. ರೋಗದ ಹೆಸರು, ಮಾತ್ರೆಯ ಹೆಸರು ಬೇಡ, ಅದು ಮನಸ್ಸಿನ ಕಾಯಿಲೆಯಾದರಂತೂ ಬೇಡವೇ ಬೇಡ. ಕಂಪನಿಯೇ ತೆಗೆದಿದ್ದರೆ, "ನಮ್ಮ ಡಿಪಾರ್ಟ್‌ಮೆಂಟ್ ಮುಚ್ಚಿದರು" ಅಂತ ನೇರವಾಗಿ ಹೇಳಿ. ಹಳೆಯ ಮ್ಯಾನೇಜರನ್ನು ಬೈಯಲು ಶುರು ಮಾಡಿದರೆ ಕೆಟ್ಟಿತು. ನಾಳೆ ನನ್ನನ್ನೂ ಹೀಗೇ ಬೈಯುತ್ತಾರೆ ಅನಿಸುತ್ತದೆ.

ಹೊಲಕ್ಕೆ ವಾಪಸ್ ಹೋದವರು ಅದನ್ನು ಹೇಳಲು ನಾಚುತ್ತಾರೆ. ಬ್ಯಾಡಗಿ ಕಡೆಯ ಒಬ್ಬರು ಬಯೋಡೇಟಾದಲ್ಲಿ ಒಂದೂವರೆ ವರ್ಷ ಹಾಗೇ ಖಾಲಿ ಬಿಟ್ಟಿದ್ದರು. ಕೇಳಿದರೆ, ಊರಿನ ಎಂಟು ಹತ್ತು ರೈತರ ಮೆಣಸಿನಕಾಯಿಯನ್ನು ಒಟ್ಟಿಗೆ ಕೋಲ್ಡ್ ಸ್ಟೋರೇಜಿಗೆ ಹಾಕಿಸಿ, ರೇಟು ನೋಡಿ ಮಾರಿಸುತ್ತಿದ್ದರಂತೆ. ಅವರು ಅರ್ಜಿ ಹಾಕಿದ್ದು ಪರ್ಚೇಸ್ ವಿಭಾಗಕ್ಕೆ! ಬಯೋಡೇಟಾದಲ್ಲಿ ಆ ಜಾಗವನ್ನು ಖಾಲಿ ಬಿಡುವ ಬದಲು ಒಂದು ಸಾಲು ಬರೆಯಿರಿ, ತಿಂಗಳು ಇಸವಿ ಸಮೇತ. ಲಿಂಕ್ಡ್‌ಇನ್‌ನಲ್ಲೇ 2022ರಿಂದ ಕರಿಯರ್ ಬ್ರೇಕ್ ಅಂತ ಬರೆಯಲು ಪ್ರತ್ಯೇಕ ಜಾಗ ಇದೆ. ತಿಂಗಳು ಬಿಟ್ಟು ಬರೀ ಇಸವಿ ಬರೆದು ಗ್ಯಾಪ್ ಅಡಗಿಸುವ ಉಪಾಯ ಕೆಲವರು ಹೇಳಿಕೊಡುತ್ತಾರೆ. ನನ್ನ ಮಟ್ಟಿಗೆ, ಬರೀ ಇಸವಿ ಕಂಡರೆ ಮೊದಲ ಪ್ರಶ್ನೆಯೇ "ಯಾವ ತಿಂಗಳು?"

ಪಗಾರದ ಮಾತು ಬಂದಾಗ ಗ್ಯಾಪ್ ತೋರಿಸಿ ಕಡಿಮೆ ಮಾಡಲು ನೋಡುತ್ತಾರೆ. ನಾವೂ ಮಾಡುತ್ತೇವೆ, ಸುಳ್ಳು ಯಾಕೆ ಹೇಳಲಿ. ಆಗ ಹಳೆಯ ಪಗಾರ ಹಿಡಿದು ಜಗ್ಗಾಡುವುದಕ್ಕಿಂತ ಈ ಹುದ್ದೆಗೆ ಈಗ ಹುಬ್ಬಳ್ಳಿಯಲ್ಲಿ ಏನು ನಡೆಯುತ್ತಿದೆ ಅಂತ ನಾಲ್ಕು ಜನರನ್ನು ಮೊದಲೇ ಕೇಳಿಕೊಂಡು ಹೋಗಿ. ಸ್ವಲ್ಪ ಕಡಿಮೆಗೆ ಒಪ್ಪುವುದೇ ಆದರೆ ಆರು ತಿಂಗಳಿಗೆ ಮತ್ತೆ ನೋಡೋಣ ಅನ್ನುವ ಮಾತನ್ನು ಆಫರ್ ಲೆಟರಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಹೇಳಿದ್ದು ಆರು ತಿಂಗಳಿಗೆ ನಮಗೇ ನೆನಪಿರುವುದಿಲ್ಲ.

ಕೊನೆಗೆ, ಉತ್ತರವನ್ನು ಬಾಯಿಬಿಟ್ಟು ಹೇಳಿ ನೋಡಿ. ಮನಸ್ಸಿನಲ್ಲಿ ಹೇಳಿಕೊಂಡಾಗ ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ, ಒಂದು ನಿಮಿಷ ದಾಟಿದರೆ ಕತ್ತರಿಸಿ. ಇಂಗ್ಲಿಷಿನಲ್ಲಿ ಹೇಳಬೇಕಾಗಿ ಬಂದರೆ ಮೊದಲು ಕನ್ನಡದಲ್ಲಿ ಮೂರು ವಾಕ್ಯ ಗಟ್ಟಿ ಮಾಡಿಕೊಳ್ಳಿ. ಹುಬ್ಬಳ್ಳಿಯ ಎಷ್ಟೋ ಕಡೆ ಕನ್ನಡದಲ್ಲೇ ಹೇಳ್ರಿ ಅಂತಾರೆ, ಆಗ ಬೇಕೇ ಬೇಕು. ಯಾರ ಮುಂದಾದರೂ ಹೇಳಿ ನೋಡಬೇಕು ಅಂದರೆ ನಿಮ್ಮನ್ನು ಅಷ್ಟಾಗಿ ಹಚ್ಚಿಕೊಳ್ಳದವರನ್ನು ಹುಡುಕಿಕೊಳ್ಳಿ. ನಾನು ಮೊದಲು ಅವ್ವನ ಮುಂದೆ ಹೇಳಿದ್ದೆ. ಎರಡನೇ ವಾಕ್ಯಕ್ಕೇ ಕಣ್ಣು ಒರೆಸಿಕೊಂಡು, "ನನ ಮಗಗ ನೌಕರಿ ಕೊಡದs ಇರಾಕ ಅವರೇನು ಮನಷ್ಯಾರಲ್ಲೇನು?" ಅಂದಳು. ತಮ್ಮನ ಮುಂದೆ ಹೇಳಿದೆ. ಅವನು ಮೊಬೈಲಿನಿಂದ ತಲೆ ಎತ್ತದೆ, "ಉದ್ದ ಆತು" ಅಂದ.